ಗೀಸೆನ್ನಿನ ಗುರು: ಯೂಸ್ಟುಸ್ ಲೀಬಿಗ್

ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ನಾವೆಲ್ಲರೂ ಒಮ್ಮೆಯಾದರೂ ಒಂದು ಗಾಜಿನ ಸಾಧನವನ್ನು ಕಂಡಿದ್ದೇವೆ. ನಳಿಗೆಯೊಳಗೊಂದು ನಳಿಗೆ, ಒಳಗಿನದರಲ್ಲಿ ಹಬೆ, ಹೊರಗಿನದರಲ್ಲಿ ತಣ್ಣೀರು, ಹಬೆ ತಣಿದು ತುದಿಯಲ್ಲಿ ಹನಿಹನಿಯಾಗಿ ತೊಟ್ಟಿಕ್ಕುವುದು. ಇದಕ್ಕೆ ಲೀಬಿಗ್ ಕಂಡೆನ್ಸರ್ ಎಂದು ಹೆಸರು. ಪರೀಕ್ಷೆಗೆಂದು ಅದರ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಅಂಕ ಪಡೆದು ಮರೆತವರೇ ನಮ್ಮಲ್ಲಿ ಹೆಚ್ಚು. ಸೋಜಿಗವೆಂದರೆ, ಆ ಸಾಧನವನ್ನು ಕಂಡುಹಿಡಿದವನು ಲೀಬಿಗನಲ್ಲ. ಅವನಿಗಿಂತ ಮೊದಲೇ ಅದು ಬಳಕೆಯಲ್ಲಿದ್ದಿತು. ಅವನ ಪ್ರಯೋಗಶಾಲೆಯ ಮೂಲಕ ಲೋಕದಲ್ಲೆಲ್ಲ ಹಬ್ಬಿದುದರಿಂದ ಅವನ ಹೆಸರು ಅದಕ್ಕೆ ಅಂಟಿಕೊಂಡಿತು.

ಅವನ ನಿಜವಾದ ಕಾಣಿಕೆ ಬೇರೆಯೇ ಇದೆ. ಹತ್ತಾರು ವಿದ್ಯಾರ್ಥಿಗಳನ್ನು ಒಂದೇ ಕೋಣೆಯಲ್ಲಿ ಕೂಡಿಸಿ, ಶುಚಿಯಾಗಿ ಕೆಲಸ ಮಾಡುವುದು, ಸರಿಯಾಗಿ ತೂಗುವುದು, ಕಂಡದ್ದನ್ನು ಕಂಡಂತೆ ಹೇಳುವುದು, ಇವನ್ನೆಲ್ಲ ಕ್ರಮವಾಗಿ ಕಲಿಸಬಹುದೆಂದು ತೋರಿಸಿಕೊಟ್ಟವನು ಅವನು. ಹೊಲದ ಮಣ್ಣನ್ನೂ ಗೊಬ್ಬರವನ್ನೂ ರಸಾಯನಶಾಸ್ತ್ರದ ತಕ್ಕಡಿಯ ಮುಂದೆ ತಂದು ನಿಲ್ಲಿಸಿದವರಲ್ಲಿ ಅವನೇ ಅಗ್ರಗಣ್ಯ. ಆ ಶಿಕ್ಷಣವು ಎಷ್ಟು ಗಟ್ಟಿಯಾಗಿದ್ದಿತೆಂದರೆ, ಮುಂದೊಂದು ದಿನ ಅದು ಕಲಿಸಿದ ಗುರುವನ್ನೇ ಒರೆಗೆ ಹಚ್ಚಿ ನೋಡಿತು. ಲೀಬಿಗನ ಜೀವನದಲ್ಲಿ ನಾವು ಮುಖ್ಯವಾಗಿ ತಿಳಿಯಬೇಕಾದ ಸಂಗತಿ ಇದು.

ಯೂಸ್ಟುಸ್ ಲೀಬಿಗ್ ಹುಟ್ಟಿದುದು 1803ನೆಯ ಮೇ 12ರಂದು, ಜರ್ಮನಿಯ ಡಾರ್ಮ್‌ಸ್ಟಾಟ್ ಎಂಬ ಊರಿನಲ್ಲಿ. ತಂದೆ ಬಣ್ಣ, ವಾರ್ನಿಷು, ಔಷಧದ ಸಾಮಗ್ರಿ ಮೊದಲಾದುವನ್ನು ಮಾರುವ ವ್ಯಾಪಾರಿ. ಕೆಲವನ್ನು ತಾನೇ ಮನೆಯಲ್ಲಿ ತಯಾರಿಸುತ್ತಿದ್ದ. ಹುಡುಗನಿಗೆ ಶಾಲೆಯ ಲ್ಯಾಟಿನ್ ಪಾಠಕ್ಕಿಂತ ತಂದೆಯ ಕೆಲಸದ ಮನೆಯ ವಾಸನೆಯೇ ಹಿತವಾಗಿದ್ದಿತು. ಜಾತ್ರೆಯಲ್ಲಿ ಪಟಾಕಿ ಮಾರುವವನೊಬ್ಬ ಬೆಳ್ಳಿಯಿಂದ ಸಿಡಿಯುವ ಪುಡಿಯನ್ನು ಮಾಡುವುದನ್ನು ನೋಡಿ ಬಂದು, ಮನೆಯಲ್ಲಿ ತಾನೂ ಅದನ್ನು ಮಾಡಿದ. ಆ ಸಿಡಿಯುವ ಪುಡಿ, ಬೆಳ್ಳಿಯ ಫಲ್ಮಿನೇಟ್, ಮುಂದೆ ಅವನ ಮೊದಲ ಸಂಶೋಧನೆಗೆ ವಸ್ತುವಾಯಿತು.

ಅವನಿಗೆ ಹದಿಮೂರು ವರ್ಷವಾಗಿದ್ದಾಗ ಯುರೋಪಿಗೆ ಬೇಸಗೆಯೇ ಬರಲಿಲ್ಲ. 1815ರಲ್ಲಿ ದೂರದ ಇಂಡೊನೇಷ್ಯದ ತಂಬೋರಾ ಜ್ವಾಲಾಮುಖಿ ಸಿಡಿದು, ಅದರ ಧೂಳು ಆಕಾಶವನ್ನು ಕವಿದಿದ್ದಿತು. 1816ರಲ್ಲಿ ಪೈರು ಹೊಲದಲ್ಲೇ ಕೊಳೆಯಿತು, ಧಾನ್ಯದ ಬೆಲೆ ಏರಿತು, ಬಡವರು ಹಸಿದರು. ಹಸಿವೆಂದರೆ ಏನೆಂಬುದನ್ನು ಕಣ್ಣಾರೆ ಕಂಡ ತಲೆಮಾರಿಗೆ ಸೇರಿದವನು ಲೀಬಿಗ್.

ಮುಂದಿನ ವರ್ಷ ತಂದೆ ಮಗನನ್ನು ಹೆಪ್ಪೆನ್‌ಹೈಮ್ ಎಂಬಲ್ಲಿ ಔಷಧ ವ್ಯಾಪಾರಿಯೊಬ್ಬನ ಬಳಿ ಕೆಲಸ ಕಲಿಯಲು ಬಿಟ್ಟ. ಕೆಲವು ತಿಂಗಳಲ್ಲೇ ಹುಡುಗ ಮನೆಗೆ ಹಿಂದಿರುಗಿದ. ಅಟ್ಟದ ಮೇಲೆ ಸಿಡಿಮದ್ದು ಸಿಡಿದು ಛಾವಣಿ ಹಾರಿದ್ದರಿಂದ ಒಡೆಯ ಅವನನ್ನು ಓಡಿಸಿದನೆಂಬ ಕಥೆ ಬಹಳ ಪ್ರಸಿದ್ಧವಾಗಿದೆ. ಕಾಗದಪತ್ರಗಳನ್ನು ಶೋಧಿಸಿದವರ ಅಭಿಪ್ರಾಯ ಬೇರೆ: ತಂದೆಗೆ ಹಣ ಕಟ್ಟಲಾಗದುದೇ ಕಾರಣವಂತೆ. ಸಿಡಿದ ಕಥೆ ರುಚಿಯಾಗಿದೆ. ಆದರೆ ರುಚಿಯಾದುದೆಲ್ಲ ನಿಜವಾಗಬೇಕಾಗಿಲ್ಲ.

1820ರಲ್ಲಿ ಬಾನ್ ವಿಶ್ವವಿದ್ಯಾಲಯಕ್ಕೆ ಸೇರಿ, ಮರುವರ್ಷ ಗುರು ಕಾಸ್ಟ್‌ನರ್ ಜೊತೆಯಲ್ಲಿ ಎರ್ಲಾಂಗೆನ್ನಿಗೆ ಹೋದ. ಕಾಸ್ಟ್‌ನರ್ ಮಾತು ಬಲ್ಲವನು. ಆದರೆ ಖನಿಜವೊಂದನ್ನು ಕ್ರಮವಾಗಿ ವಿಶ್ಲೇಷಣ ಮಾಡಲು ಅವನ ಬಳಿ ಕಲಿಯುವಂತಿರಲಿಲ್ಲ. ಆ ಕಾಲದ ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ ರಸಾಯನವೆಂದರೆ ಬಹುಮಟ್ಟಿಗೆ ಉಪನ್ಯಾಸ. ಗುರುವು ವೇದಿಕೆಯ ಮೇಲೆ ಒಂದೆರಡು ಪ್ರಯೋಗ ತೋರಿಸುವನು, ಶಿಷ್ಯರು ಕುಳಿತು ನೋಡುವರು. ಈಜನ್ನು ದಡದ ಮೇಲೆ ಕುಳಿತು ಕಲಿತಂತಹ ವಿದ್ಯೆ ಅದು. ಹೆಸ್ಸೆಯ ದೊರೆ ಗ್ರ್ಯಾಂಡ್ ಡ್ಯೂಕ್ ಲುಡ್ವಿಗ್ ಕೊಟ್ಟ ವಿದ್ಯಾರ್ಥಿವೇತನದಿಂದ ಲೀಬಿಗ್ 1822ರಲ್ಲಿ ಪ್ಯಾರಿಸ್ಸಿಗೆ ಹೊರಟ. ಅಲ್ಲಿ ಮಹಾವಿದ್ವಾಂಸ ಹಂಬೋಲ್ಟನ ಕೃಪೆಯಿಂದ ಗೇ-ಲುಸಾಕನ ಸ್ವಂತ ಪ್ರಯೋಗಶಾಲೆಯ ಬಾಗಿಲು ತೆರೆಯಿತು. ಅಂತಹ ಕಡೆ ಒಬ್ಬಿಬ್ಬರಿಗೆ ಮಾತ್ರ ಪ್ರವೇಶ. ಗುರುವಿನ ಪಕ್ಕದಲ್ಲಿ ನಿಂತು, ಅವನ ಕೈ ಹೇಗೆ ಚಲಿಸುವುದೆಂಬುದನ್ನು ನೋಡಿ, ತಾನೂ ಹಾಗೆಯೇ ಮಾಡಿ ಲೀಬಿಗ್ ಕಲಿತ. ತನಗೆ ಅದೃಷ್ಟದಿಂದ ದೊರೆತ ಈ ಭಾಗ್ಯ ಅನೇಕರಿಗೆ ದೊರೆಯುವಂತೆ ಮಾಡುವುದು ಮುಂದೆ ಅವನ ಬಾಳಿನ ಕೆಲಸವಾಯಿತು.

1824ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಅವನು ಗೀಸೆನ್ ಎಂಬ ಸಣ್ಣ ಊರಿನ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕನಾಗಿ ಬಂದ. ಪ್ರಯೋಗಶಾಲೆಗೆಂದು ದೊರೆತದ್ದು ಸೈನಿಕರು ಬಿಟ್ಟುಹೋದ ಒಂದು ಕಾವಲು ಮನೆ. ಜಾಗ ಇಕ್ಕಟ್ಟು, ಹಣ ಕಡಿಮೆ. ವಿಷದ ಹೊಗೆ ಏಳುವ ಕೆಲಸಗಳನ್ನು ಕಂಬಗಳ ಸಾಲಿನ ತೆರೆದ ಜಗಲಿಯಲ್ಲಿ ಮಾಡಬೇಕಾಗಿದ್ದಿತು. ಮೊದಲು ಬಂದವರಲ್ಲಿ ಔಷಧ ವ್ಯಾಪಾರ ಕಲಿಯುವ ಹುಡುಗರೇ ಹೆಚ್ಚು. ವರ್ಷಗಳು ಕಳೆದಂತೆ ಇಂಗ್ಲೆಂಡ್, ಫ್ರಾನ್ಸ್, ಅಮೆರಿಕ, ಮೆಕ್ಸಿಕೊಗಳಿಂದಲೂ ತರುಣರು ಆ ಊರನ್ನು ಹುಡುಕಿಕೊಂಡು ಬರತೊಡಗಿದರು. 1839ರಲ್ಲಿ ಕಟ್ಟಡ ವಿಸ್ತಾರವಾಗಿ, ಕೆಟ್ಟ ಗಾಳಿಯನ್ನು ಹೊರಗೆ ಸೆಳೆಯುವ ಗೂಡುಗಳುಳ್ಳ ಹೊಸ ವಿಶ್ಲೇಷಣಶಾಲೆ ಸಿದ್ಧವಾಯಿತು. ಇಂದು ಅದೊಂದು ವಸ್ತುಸಂಗ್ರಹಾಲಯ. ವಿಶ್ವವಿದ್ಯಾಲಯಕ್ಕೂ ಈಗ ಲೀಬಿಗನದೇ ಹೆಸರು.

ಅಲ್ಲಿಯ ಶಿಕ್ಷಣದ ಕ್ರಮ ಹೀಗಿದ್ದಿತು. ಹೊಸದಾಗಿ ಬಂದವನಿಗೆ ಮೊದಲು ಅಕ್ಷರಗಳನ್ನಷ್ಟೇ ಗುರುತಾಗಿ ಬರೆದ ಸೀಸೆಗಳ ಸಾಲನ್ನು ಕೊಡುವರು. ಯಾವುದರಲ್ಲಿ ಏನಿದೆ ಎಂಬುದು ಅವನಿಗೆ ತಿಳಿಯದು. ಒಂದೊಂದನ್ನೂ ಪರೀಕ್ಷಿಸಿ ಒಳಗಿರುವುದೇನೆಂದು ಅವನು ಹೇಳಬೇಕು. ಊಹೆ ನಡೆಯದು, ಪಕ್ಕದವನ ಮಾತು ಕೇಳಿ ಪ್ರಯೋಜನವಿಲ್ಲ. ಇದು ಮುಗಿದ ಮೇಲೆ ಯಾವ ವಸ್ತು ಎಷ್ಟಿದೆ ಎಂಬುದನ್ನು ತೂಗಿ ತಿಳಿಯುವ ಕೆಲಸ. ಅನಂತರ ಶುದ್ಧವಾದ ವಸ್ತುಗಳನ್ನು ತಾನೇ ತಯಾರಿಸುವುದು. ಈ ಮೆಟ್ಟಲುಗಳನ್ನೆಲ್ಲ ಹತ್ತಿದವನಿಗೆ ಮಾತ್ರ ಒಂದು ಸ್ವತಂತ್ರ ಸಂಶೋಧನೆಯ ವಿಷಯ ದೊರೆಯುವುದು. ಅಲ್ಲಿಂದ ಮುಂದೆ ಅವನೇ ದಾರಿ ಹುಡುಕಿಕೊಳ್ಳಬೇಕು. ಆದರೂ ಪ್ರತಿದಿನ ಬೆಳಗ್ಗೆ ನಿನ್ನೆ ಏನು ಮಾಡಿದೆ, ಇಂದು ಏನು ಮಾಡುವೆ ಎಂಬುದನ್ನು ಗುರುವಿಗೆ ಒಪ್ಪಿಸಬೇಕು. ಒಬ್ಬನ ತಪ್ಪಿನಿಂದ ಇನ್ನೊಬ್ಬನು ಕಲಿಯುವನು. ಒಬ್ಬನ ಜಾಣ್ಮೆ ಎಲ್ಲರ ಸೊತ್ತಾಗುವುದು. ಬೆಳಗಿನಿಂದ ಕತ್ತಲಾಗುವವರೆಗೆ ಕೆಲಸ ನಡೆಯುತ್ತಿದ್ದಿತು.

ಈ ಕ್ರಮಕ್ಕೆ ಬೆನ್ನೆಲುಬಾದುದು 1831ರಲ್ಲಿ ಲೀಬಿಗ್ ರೂಪಿಸಿದ ಒಂದು ಪುಟ್ಟ ಸಾಧನ. ಐದು ಗುಂಡುಗಳುಳ್ಳ ಒಂದು ಗಾಜಿನ ನಳಿಗೆ. ಒಳಗೆ ಪೊಟಾಷಿನ ದ್ರಾವಣ. ಸಸ್ಯದಿಂದಲೋ ಪ್ರಾಣಿಯಿಂದಲೋ ಬಂದ ವಸ್ತುವನ್ನು ತಾಮ್ರದ ಆಕ್ಸೈಡಿನೊಡನೆ ಕಾಯಿಸಿದರೆ ಅದರಲ್ಲಿರುವ ಜಲಜನಕವು ನೀರಾಗುವುದು, ಇಂಗಾಲವು ಇಂಗಾಲಾಮ್ಲ ವಾಯುವಾಗುವುದು. ನೀರನ್ನು ಕ್ಯಾಲ್ಸಿಯಂ ಕ್ಲೋರೈಡಿನ ನಳಿಗೆ ಹೀರುವುದು. ವಾಯುವನ್ನು ಈ ಐದು ಗುಂಡುಗಳು ಹಿಡಿದಿಡುವುವು. ಮೊದಲಿನ ತೂಕ, ಆಮೇಲಿನ ತೂಕ, ಇವೆರಡರ ವ್ಯತ್ಯಾಸವೇ ಉತ್ತರ. ಅಲ್ಲಿಯವರೆಗೆ ಮಹಾನಿಪುಣರಿಗೆ ಮಾತ್ರ ಸಾಧ್ಯವಾಗಿದ್ದ ಕೆಲಸವನ್ನು ಇದರಿಂದ ಶ್ರದ್ಧೆಯುಳ್ಳ ಯಾವ ವಿದ್ಯಾರ್ಥಿಯೂ ಮಾಡಬಹುದಾಯಿತು. ಬುದ್ಧಿವಂತನೇ ಆಗಬೇಕಾಗಿಲ್ಲ, ಎಚ್ಚರವಿದ್ದರೆ ಸಾಕು. ಅಮೆರಿಕದ ರಸಾಯನ ಸಂಘದ ಲಾಂಛನದಲ್ಲಿ ಈ ಸಾಧನದ ಚಿತ್ರ ಸೇರಿದೆ.

ಎಚ್ಚರದ ಬೆಲೆಯನ್ನು ಲೀಬಿಗ್ ಎರಡು ಪ್ರಸಂಗಗಳಿಂದ ಕಲಿತಿದ್ದ. ಒಂದು, ವೋಲರನೊಡನೆ ನಡೆದುದು. ಲೀಬಿಗ್ ಪರೀಕ್ಷಿಸಿದ ಬೆಳ್ಳಿಯ ಫಲ್ಮಿನೇಟ್ ಮುಟ್ಟಿದರೆ ಸಿಡಿಯುವಂಥದು. ವೋಲರ್ ಪರೀಕ್ಷಿಸಿದ ಬೆಳ್ಳಿಯ ಸಯನೇಟ್ ಸಾಧು ಸ್ವಭಾವದ್ದು. ಆದರೆ ಎರಡರ ಲೆಕ್ಕವೂ ಒಂದೇ ಆಗಿ ಬಂದಿತು: ಅದೇ ಧಾತುಗಳು, ಅದೇ ಪ್ರಮಾಣ. ವೋಲರ್ ತಪ್ಪಿರಬೇಕೆಂದೇ ಲೀಬಿಗ್ ಮೊದಲು ಭಾವಿಸಿದ. ಮತ್ತೆ ಮತ್ತೆ ಪ್ರಯೋಗ ಮಾಡಿ ನೋಡಿದಾಗ ಇಬ್ಬರೂ ಸರಿಯೆಂದು ತಿಳಿಯಿತು. ಒಂದೇ ಧಾತುಗಳು ಒಂದೇ ಪ್ರಮಾಣದಲ್ಲಿದ್ದರೂ ಜೋಡಣೆ ಬೇರೆಯಾದರೆ ವಸ್ತುವೇ ಬೇರೆಯಾಗುವುದೆಂಬ ದೊಡ್ಡ ಸತ್ಯಕ್ಕೆ ಇದು ದಾರಿಯಾಯಿತು. ಜಗಳದಿಂದ ಮೊದಲಾದ ಪರಿಚಯ ಜೀವಮಾನದ ಸ್ನೇಹವಾಯಿತು.

ಇನ್ನೊಂದು ಪ್ರಸಂಗದಲ್ಲಿ ತಪ್ಪು ಲೀಬಿಗನದೇ. ಉಪ್ಪಿನ ಬುಗ್ಗೆಯೊಂದರ ನೀರಿನಿಂದ ದೊರೆತ ಕೆಂಪು ದ್ರವವೊಂದು ಅವನ ಕೈಗೆ ಬಂದಿತು. ಅವಸರದಲ್ಲಿ ನೋಡಿ, ಅಯೊಡಿನ್ನಿನ ಕ್ಲೋರೈಡ್ ಎಂದು ತೀರ್ಮಾನಿಸಿ, ಸೀಸೆಗೆ ಚೀಟಿ ಅಂಟಿಸಿ ಇಟ್ಟುಬಿಟ್ಟ. 1826ರಲ್ಲಿ ಫ್ರಾನ್ಸಿನ ಬಾಲಾರ್ ಎಂಬ ತರುಣನು ಬ್ರೋಮಿನ್ ಎಂಬ ಹೊಸ ಧಾತುವನ್ನು ಕಂಡುಹಿಡಿದ ಸುದ್ದಿ ಬಂದಾಗ, ಲೀಬಿಗನಿಗೆ ತನ್ನ ಸೀಸೆಯ ನೆನಪಾಯಿತು. ಹೊಸ ಧಾತು ತನ್ನ ಬೀರುವಿನಲ್ಲೇ ಕುಳಿತಿದ್ದಿತು! ಆ ಸೀಸೆಯನ್ನು ಅವನು ಎಸೆಯಲಿಲ್ಲ. ತಪ್ಪುಗಳಿಗೆಂದೇ ಮೀಸಲಾದ ಕಪಾಟಿನಲ್ಲಿಟ್ಟು, ಬಂದವರಿಗೆ ತೋರಿಸುತ್ತಿದ್ದ. ಪರೀಕ್ಷಿಸದೆ ಚೀಟಿ ಅಂಟಿಸಬಾರದೆಂಬ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಉಪನ್ಯಾಸ ಯಾವುದಿದ್ದೀತು?

ಇಷ್ಟು ಬಲ್ಲವನೂ ಎಡವಿದ. ಎಡವಿದುದು ಹೊಲದಲ್ಲಿ.

1840ರಲ್ಲಿ ಲೀಬಿಗ್ ವ್ಯವಸಾಯಕ್ಕೂ ರಸಾಯನಕ್ಕೂ ಇರುವ ಸಂಬಂಧವನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದ. ಮಣ್ಣಿನಲ್ಲಿ ಕೊಳೆತ ಎಲೆಕಡ್ಡಿಗಳ ಸಾರವೇ ಸಸ್ಯದ ಆಹಾರವೆಂದು ಆಗ ಅನೇಕರು ನಂಬಿದ್ದರು. ಲೀಬಿಗ್ ಅದನ್ನು ಅಲ್ಲಗಳೆದ. ಸಸ್ಯಕ್ಕೆ ಇಂಗಾಲ ಬರುವುದು ಗಾಳಿಯಿಂದ. ಪೊಟಾಷ್, ರಂಜಕ, ಸುಣ್ಣ ಮೊದಲಾದ ಖನಿಜಗಳು ಮಣ್ಣಿನಿಂದ. ಪ್ರತಿ ಸುಗ್ಗಿಯಲ್ಲೂ ಬೆಳೆಯೊಡನೆ ಈ ಖನಿಜಗಳು ಹೊಲ ಬಿಟ್ಟು ಹೋಗುವುವು. ತೆಗೆದುಕೊಂಡುದನ್ನು ಹಿಂದಕ್ಕೆ ಕೊಡದಿದ್ದರೆ ನೆಲ ಬರಿದಾಗುವುದು. ಯಾವ ಆಹಾರ ಎಲ್ಲಕ್ಕಿಂತ ಕೊರತೆಯಾಗಿದೆಯೋ ಅದೇ ಬೆಳೆಯ ಎಲ್ಲೆಯನ್ನು ನಿರ್ಧರಿಸುವುದು. ಈ ಕೊನೆಯ ತತ್ತ್ವವನ್ನು ಅವನಿಗಿಂತ ಮೊದಲೇ ಕಾರ್ಲ್ ಸ್ಪ್ರೆಂಗೆಲ್ ಎಂಬಾತ ಹೇಳಿದ್ದ. ಲೋಕಕ್ಕೆ ಸಾರಿದ ಕಂಠ ಲೀಬಿಗನದು.

ಇಲ್ಲಿಯವರೆಗೆ ದಾರಿ ನೇರವಾಗಿದ್ದಿತು. ಆದರೆ ಸಾರಜನಕದ ವಿಷಯದಲ್ಲಿ, ಮಳೆಯೂ ಗಾಳಿಯೂ ತರುವ ಅಮೋನಿಯವೇ ಬೆಳೆಗೆ ಸಾಕಾಗುವುದೆಂದು ಅವನು ನಂಬಿದ. 1845ರಲ್ಲಿ ಅವನ ಹೆಸರಿನ ಗೊಬ್ಬರವೊಂದು ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದಿತು. ಪೊಟಾಷ್ ಮಳೆಯಲ್ಲಿ ಕೊಚ್ಚಿಹೋಗಬಾರದೆಂದು ಅದನ್ನು ಸುಣ್ಣ ರಂಜಕಗಳೊಡನೆ ಕರಗಿಸಿ, ನೀರಿಗೆ ಸುಲಭವಾಗಿ ಬಿಡದಂತೆ ಗಟ್ಟಿಮಾಡಿದ್ದರು. ರೈತರು ಆಸೆಯಿಂದ ಕೊಂಡರು, ಹೊಲಕ್ಕೆ ಎರಚಿದರು, ಕಾದರು. ಪೈರು ಏಳಲಿಲ್ಲ. ನೀರಿಗೆ ಕರಗದುದು ಬೇರಿಗೂ ದೊರೆಯಲಿಲ್ಲ. ಸಾರಜನಕವಂತೂ ಅದರಲ್ಲಿ ಸಾಲದಾಗಿದ್ದಿತು. ಶಿಷ್ಯನೊಬ್ಬ ಸೀಸೆಯನ್ನು ಪರೀಕ್ಷಿಸದೆ ಉತ್ತರ ಹೇಳಿದ್ದರೆ ಗೀಸೆನ್ನಿನಲ್ಲಿ ಯಾರೂ ಒಪ್ಪುತ್ತಿರಲಿಲ್ಲ. ಗುರುವು ಹೊಲದಲ್ಲಿ ಸಾಕಷ್ಟು ಪರೀಕ್ಷಿಸದೆ ಮೂಟೆಗೆ ಚೀಟಿ ಅಂಟಿಸಿದ್ದ. ಬ್ರೋಮಿನ್ನಿನ ಸೀಸೆಯಿಂದ ನಷ್ಟವಾದುದು ಅವನೊಬ್ಬನ ಕೀರ್ತಿಗೆ. ಗೊಬ್ಬರದ ಮೂಟೆಯಿಂದ ನಷ್ಟವಾದುದು ಹಣ ಕೊಟ್ಟು ಕೊಂಡ ರೈತನಿಗೆ. ಕೃಷಿ ಸಂಶೋಧನೆಯ ಹೊಣೆ ಎಷ್ಟು ಭಾರವಾದುದೆಂಬುದು ಇದರಿಂದ ತಿಳಿಯುವುದು.

ಈಗ ಜೋಸೆಫ್ ಹೆನ್ರಿ ಗಿಲ್ಬರ್ಟನ ವಿಷಯ ಹೇಳಬೇಕು. ಬಾಲ್ಯದಲ್ಲಿ ಗುಂಡಿನ ಆಕಸ್ಮಿಕದಿಂದ ಒಂದು ಕಣ್ಣಿನ ದೃಷ್ಟಿಯನ್ನು ಕಳೆದುಕೊಂಡಿದ್ದ ಈ ಆಂಗ್ಲ ತರುಣ 1840ರಲ್ಲಿ ಗೀಸೆನ್ನಿಗೆ ಹೋಗಿ ಲೀಬಿಗನ ಬಳಿ ಕಲಿತಿದ್ದ. 1843ರಲ್ಲಿ ಅವನು ಲಂಡನ್ನಿನ ಉತ್ತರಕ್ಕಿರುವ ರೋಥಾಮ್‌ಸ್ಟೆಡ್ ಎಂಬಲ್ಲಿ ಜಮೀನುದಾರ ಜಾನ್ ಬೆನೆಟ್ ಲಾಸ್ ಜೊತೆ ಸೇರಿದ. ಇಬ್ಬರೂ ಕೂಡಿ ಬ್ರಾಡ್‌ಬಾಕ್ ಎಂಬ ಹೊಲವನ್ನು ಪಟ್ಟಿಪಟ್ಟಿಯಾಗಿ ವಿಂಗಡಿಸಿ ಗೋಧಿ ಬಿತ್ತಿದರು. ಒಂದು ಪಟ್ಟಿಗೆ ಕೊಟ್ಟಿಗೆ ಗೊಬ್ಬರ. ಕೆಲವಕ್ಕೆ ಖನಿಜಗಳು ಮಾತ್ರ. ಕೆಲವಕ್ಕೆ ಖನಿಜಗಳೊಡನೆ ಅಮೋನಿಯದ ಲವಣ. ಒಂದು ಪಟ್ಟಿಗೆ ಏನೂ ಇಲ್ಲ. ಏನೂ ಕೊಡದ ಆ ಪಟ್ಟಿಯೇ ಎಲ್ಲಕ್ಕೂ ಸಾಕ್ಷಿ. ಅದಿಲ್ಲದಿದ್ದರೆ, ಬೆಳೆ ಚೆನ್ನಾಗಿ ಬಂದುದು ಗೊಬ್ಬರದಿಂದಲೋ ಒಳ್ಳೆಯ ಮಳೆಯಿಂದಲೋ ಹೇಳುವವರಾರು?

ವರ್ಷ ವರ್ಷವೂ ಕಾಳನ್ನು ತೂಗಿದರು, ಹುಲ್ಲನ್ನು ತೂಗಿದರು, ಎಲ್ಲವನ್ನೂ ಪುಸ್ತಕದಲ್ಲಿ ಬರೆದರು. ಖನಿಜಗಳನ್ನು ಮಾತ್ರ ಕೊಟ್ಟ ಪಟ್ಟಿಯಲ್ಲಿ ಗೋಧಿ ಸ್ವಲ್ಪವೇ ಹೆಚ್ಚಿತು. ಅಮೋನಿಯ ಸೇರಿದ ಪಟ್ಟಿಯಲ್ಲಿ ಪೈರು ಹಸುರಾಗಿ ಎದ್ದು ನಿಂತಿತು. ಗಾಳಿಯ ಸಾರಜನಕವನ್ನೇ ನಂಬಿ ಗೋಧಿ ಬೆಳೆಯುವಂತಿಲ್ಲವೆಂದು ಹೊಲವೇ ಹೇಳಿತು. ಲೀಬಿಗ್ ಕೋಪಗೊಂಡ. ಕಟುವಾಗಿ ಬರೆಯುವುದರಲ್ಲಿ ಅವನು ಮೊದಲಿನಿಂದಲೂ ನಿಸ್ಸೀಮ; ತನ್ನ ಶಿಷ್ಯನ ಮೇಲೂ ಲಾಸನ ಮೇಲೂ ಲೇಖನಿಯನ್ನು ಕತ್ತಿಯಂತೆ ಬೀಸಿದ. ವಾದ ವರ್ಷಗಟ್ಟಲೆ ನಡೆಯಿತು. ಗಿಲ್ಬರ್ಟ್ ತಕ್ಕಡಿಯನ್ನೂ ಲೆಕ್ಕದ ಪುಸ್ತಕವನ್ನೂ ಬಿಡಲಿಲ್ಲ. ಗುರುವಿನಿಂದ ಕಲಿತ ವಿದ್ಯೆಯಿಂದಲೇ ಗುರುವಿಗೆ ಉತ್ತರ ಕೊಟ್ಟ. ಎಲ್ಲರಿಂದಲೂ ಗೆಲುವನ್ನು ಬಯಸುವವನು ಶಿಷ್ಯನಿಂದ ಮಾತ್ರ ಸೋಲನ್ನು ಬಯಸಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಲೀಬಿಗ್ ಆ ಸೋಲನ್ನು ಬಯಸಿರಲಿಲ್ಲ. ಆದರೆ ಅದು ಸಾಧ್ಯವಾಗುವಂತಹ ಶಿಕ್ಷಣವನ್ನು ತಾನೇ ಕೊಟ್ಟಿದ್ದ.

ಹಾಗೆಂದು ಅವನು ಕುರುಡನಾಗಿ ಕುಳಿತಿರಲಿಲ್ಲ. ಗೀಸೆನ್ನಿನ ಹೊರಗೆ ಮರಳುಭೂಮಿಯೊಂದನ್ನು ಕೊಂಡು ತನ್ನ ಗೊಬ್ಬರವನ್ನು ತಾನೇ ಪರೀಕ್ಷಿಸಿದ. 1850ರ ಸುಮಾರಿಗೆ ಇಂಗ್ಲೆಂಡಿನ ಥಾಮಸ್ ವೇ ಎಂಬ ರಸಾಯನಜ್ಞ, ಪೊಟಾಷ್ ಮತ್ತು ಅಮೋನಿಯಗಳನ್ನು ಮಣ್ಣು ತಾನಾಗಿಯೇ ಹಿಡಿದಿಟ್ಟುಕೊಳ್ಳುವುದೆಂದು ತೋರಿಸಿದ. ಮಳೆಯಲ್ಲಿ ಕೊಚ್ಚಿಹೋಗುವುದೆಂಬ ಹೆದರಿಕೆಯೇ ನಿರಾಧಾರವಾಗಿದ್ದಿತು. 1862ರಲ್ಲಿ ತನ್ನ ಗ್ರಂಥದ ಹೊಸ ಆವೃತ್ತಿಯಲ್ಲಿ ಲೀಬಿಗ್ ಈ ತಪ್ಪನ್ನು ಎಲ್ಲರ ಮುಂದೆ ಒಪ್ಪಿಕೊಂಡ. ಸೃಷ್ಟಿಕರ್ತನ ವ್ಯವಸ್ಥೆಯನ್ನು ತಿದ್ದಲು ಹೊರಟು ಪಾಪ ಮಾಡಿದೆನೆಂದು, ಅದಕ್ಕೆ ತಕ್ಕ ಶಿಕ್ಷೆ ಆಯಿತೆಂದು ಬರೆದ. ಸಾರಜನಕದ ವಿಷಯದಲ್ಲಿ ಮಾತ್ರ ಕೊನೆಯವರೆಗೂ ಪೂರ್ಣವಾಗಿ ಸೋಲೊಪ್ಪಲಿಲ್ಲ. ದೊಡ್ಡವರ ದೌರ್ಬಲ್ಯವನ್ನೂ ಮರೆಮಾಚದೆ ಹೇಳಬೇಕಾದುದು ಜೀವನಚರಿತ್ರೆಯ ಧರ್ಮವಲ್ಲವೆ?

1852ರಲ್ಲಿ ಅವನು ಗೀಸೆನ್ ಬಿಟ್ಟು, ಬವೇರಿಯದ ದೊರೆಯ ಆಹ್ವಾನದ ಮೇಲೆ ಮ್ಯೂನಿಕ್ಕಿಗೆ ಹೋದ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳನ್ನು ತರಬೇತು ಮಾಡುವ ಹೊರೆ ಅಲ್ಲಿ ಅವನ ಮೇಲಿರಲಿಲ್ಲ. ಇಪ್ಪತ್ತೆಂಟು ವರ್ಷಗಳ ಆ ದುಡಿಮೆ ಅವನನ್ನು ಬಳಲಿಸಿದ್ದಿತು. 1853ರಲ್ಲಿ ರಾಜಮನೆತನದವರ ಮುಂದೆ ಪ್ರಯೋಗವೊಂದನ್ನು ತೋರಿಸುತ್ತಿದ್ದಾಗ ಪಾತ್ರೆ ಸಿಡಿದು, ಗಾಜಿನ ಚೂರು ರಾಣಿ ತೆರೇಸಳ ಕೆನ್ನೆಗೆ ತಗುಲಿತು. ನೂರಾರು ಮಂದಿಗೆ ಕೈಹಿಡಿದು ಕಲಿಸಿದವನ ಕೈಯಲ್ಲೂ ಹೀಗಾಗಬಹುದು. ಪ್ರಯೋಗಶಾಲೆಯ ನಿಯಮಗಳು ಹೊಸಬರಿಗೆ ಮಾತ್ರವೆಂದು ತಿಳಿಯುವುದು ತಪ್ಪು. ಲೀಬಿಗ್ 1873ನೆಯ ಏಪ್ರಿಲ್ 18ರಂದು, ಎಪ್ಪತ್ತು ತುಂಬಲು ಕೆಲವೇ ದಿನಗಳಿದ್ದಾಗ, ಮ್ಯೂನಿಕ್ಕಿನಲ್ಲಿ ತೀರಿಕೊಂಡ.

ಅವನ ಶಿಷ್ಯರು ಲೋಕವನ್ನೆಲ್ಲ ತುಂಬಿದರು. ಬಣ್ಣಗಳ ರಸಾಯನಕ್ಕೆ ಅಡಿಪಾಯ ಹಾಕಿದ ಹಾಫ್‌ಮನ್, ಬೆನ್ಜೀನಿನ ರೂಪವನ್ನು ಕಂಡ ಕೆಕುಲೆ, ಇಂದಿಗೂ ನಮ್ಮ ಮೇಜಿನ ಮೇಲಿರುವ ಶಂಕುವಿನಾಕಾರದ ಸೀಸೆಗೆ ಹೆಸರಾದ ಎರ್ಲೆನ್‌ಮೇಯರ್, ಇವರೆಲ್ಲ ಗೀಸೆನ್ನಿನಲ್ಲಿ ಕಲಿತವರು. 1850ರ ದಶಕದ ಮೊದಲಲ್ಲಿ ಲೈಪ್‌ಜಿಗ್ ಬಳಿಯ ಮೋಕರ್ನ್ ಎಂಬಲ್ಲಿ ಕೃಷಿ ಪ್ರಯೋಗ ಕೇಂದ್ರವೊಂದು ಮೊದಲಾಯಿತು. ಮ್ಯೂನಿಕ್ಕಿನಲ್ಲಿ ಲೀಬಿಗನ ಬಳಿ ಇದ್ದು ಹೋದ ಸಾಮ್ಯುಯೆಲ್ ಜಾನ್ಸನ್ ಅಮೆರಿಕಕ್ಕೆ ಮರಳಿ, ಮಾರಾಟದ ಗೊಬ್ಬರಗಳನ್ನು ಪರೀಕ್ಷಿಸಿ ಮೋಸವನ್ನು ಬಯಲಿಗೆಳೆದ. ಅವನ ಪ್ರಯತ್ನದಿಂದ 1875ರಲ್ಲಿ ಕನೆಕ್ಟಿಕಟ್ಟಿನಲ್ಲಿ ಅಲ್ಲಿಯ ಮೊದಲ ಸರ್ಕಾರಿ ಕೃಷಿ ಪ್ರಯೋಗ ಕೇಂದ್ರ ಹುಟ್ಟಿತು. ನಮ್ಮ ನಾಡಿಗೂ ಈ ಗಾಳಿ ಬೀಸಿತು. 1899ರಲ್ಲಿ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಬೆಂಗಳೂರಿನ ಹೆಬ್ಬಾಳದಲ್ಲಿ ಕೊಟ್ಟ 30 ಎಕರೆ ನೆಲದಲ್ಲಿ, ಲೆಹ್ಮನ್ ಎಂಬ ರಸಾಯನಜ್ಞನ ಮೇಲ್ವಿಚಾರಣೆಯಲ್ಲಿ ಮಣ್ಣು ಬೆಳೆಗಳ ಪ್ರಯೋಗಗಳು ಮೊದಲಾದುವು. 1964ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಮೂಲ ಆ ಹೊಲವೇ.

ರೋಥಾಮ್‌ಸ್ಟೆಡ್ಡಿನಲ್ಲಿ ಬ್ರಾಡ್‌ಬಾಕ್ ಹೊಲದ ಪ್ರಯೋಗ ಇನ್ನೂ ನಡೆಯುತ್ತಿದೆ. ಏನೂ ಕೊಡದ ಆ ಪಟ್ಟಿ 1843ರಿಂದ ಇಂದಿಗೂ ಗೊಬ್ಬರ ಕಂಡಿಲ್ಲ. ಗಿಲ್ಬರ್ಟನ ಕಾಲದಿಂದ ಕೂಡಿಟ್ಟ ಕಾಳು, ಹುಲ್ಲು, ಮಣ್ಣುಗಳ ಸುಮಾರು 3,00,000 ಮಾದರಿಗಳು ಗುರುತಿನ ಚೀಟಿಗಳೊಡನೆ ಅಲ್ಲಿಯ ಉಗ್ರಾಣದಲ್ಲಿವೆ. ಅವುಗಳನ್ನು ತುಂಬಿಟ್ಟವರು ಊಹಿಸಿಯೂ ಇರದ ಪ್ರಶ್ನೆಗಳಿಗೆ, ಗಾಳಿಯಲ್ಲಿ ಬೆರೆತ ವಿಷಗಳಂತಹ ವಿಷಯಗಳಿಗೆ, ಇಂದಿನವರು ಆ ಸೀಸೆಗಳಲ್ಲಿ ಉತ್ತರ ಹುಡುಕಿದ್ದಾರೆ. ಚೀಟಿಯೊಂದು ತಪ್ಪಾಗಿದ್ದರೆ, ತಾರೀಕೊಂದು ಬಿಟ್ಟುಹೋಗಿದ್ದರೆ, ಆ ಮಣ್ಣು ಬರಿಯ ಮಣ್ಣಾಗಿ ಉಳಿಯುತ್ತಿದ್ದಿತು.

ಈಗ ಉತ್ತಮ ಪ್ರಯೋಗಾಲಯ ಪದ್ಧತಿಯೆಂಬ ಹೆಸರಿನಲ್ಲಿ ಲಿಖಿತ ನಿಯಮಗಳಿವೆ. 1970ರ ದಶಕದಲ್ಲಿ ಅಮೆರಿಕದ ಒಂದು ಪರೀಕ್ಷಾ ಸಂಸ್ಥೆಯಲ್ಲಿ ಸುಳ್ಳು ವರದಿಗಳು ಬಯಲಾದ ಬಳಿಕ ಅವು ರೂಪುಗೊಂಡುವು. 1981ರಲ್ಲಿ ಅನೇಕ ದೇಶಗಳು ಕೂಡಿ ಒಪ್ಪಿದುವು. 2011ರಲ್ಲಿ ಭಾರತವೂ ಆ ಒಪ್ಪಂದದಲ್ಲಿ ಪೂರ್ಣವಾಗಿ ಸೇರಿತು. ಮಾಡಿದುದನ್ನು ಆಗಲೇ ಬರೆ, ಅಳಿಸಬೇಡ, ತಿದ್ದಿದರೆ ಕಾರಣ ಬರೆದು ರುಜು ಹಾಕು, ಮಾದರಿಯನ್ನು ಕಾಪಾಡು, ಬೇರೊಬ್ಬರು ಪರಿಶೀಲಿಸಲು ಎಡೆಗೊಡು. ಹೊಲಕ್ಕೆ ಸಿಂಪಡಿಸುವ ಔಷಧದ ಶೇಷ ಕಾಳಿನಲ್ಲಿ ಎಷ್ಟು ಉಳಿಯುವುದೆಂದು ಪರೀಕ್ಷಿಸುವ ತರುಣ ಸಂಶೋಧಕನಿಗೆ ಇಂದು ಮೊದಲ ಪಾಠ ಇದೇ. ಅವನು ಬರೆಯುವ ಒಂದು ಅಂಕಿಯ ಹಿಂದೆ ಉಣ್ಣುವವರ ಆರೋಗ್ಯವೂ ಬೆಳೆದವನ ಬದುಕೂ ನಿಂತಿವೆ.

ಕಲಾವಿಭಾಗದ ವಿದ್ಯಾರ್ಥಿಗಳಾದ ನಮಗೆ ತಕ್ಕಡಿಯ ಕೆಲಸ ಬೀಳದಿರಬಹುದು. ಆದರೆ ಶಾಸನದ ಪಾಠವನ್ನು ನಕಲು ಮಾಡುವವನಿಗೂ, ಹಳ್ಳಿಯ ಸಾಲದ ಲೆಕ್ಕ ಕೇಳಿ ಬರೆದುಕೊಳ್ಳುವವನಿಗೂ ಅದೇ ಧರ್ಮ ಅನ್ವಯಿಸುವುದು. ಸವೆದ ಅಕ್ಷರವನ್ನು ಸವೆದಿದೆಯೆಂದೇ ಬರೆಯಬೇಕು. ಉತ್ತರ ದೊರೆಯದ ಮನೆಯ ಮುಂದೆ ಊಹೆಯ ಅಂಕಿ ತುಂಬಬಾರದು. ಲೀಬಿಗನ ಸಿದ್ಧಾಂತಗಳಲ್ಲಿ ಕೆಲವು ನಿಂತುವು, ಕೆಲವು ಬಿದ್ದುವು. ಅವನು ಕಲಿಸಿದ ಅಭ್ಯಾಸ ಮಾತ್ರ ಉಳಿಯಿತು. ತನ್ನ ತಪ್ಪಿನ ಸೀಸೆಯನ್ನು ಕಪಾಟಿನಲ್ಲಿಟ್ಟು ಬಂದವರಿಗೆ ತೋರಿಸಿದ ಆ ಗುರುವನ್ನು, ಇನ್ನೊಮ್ಮೆ ಆ ಗಾಜಿನ ನಳಿಗೆಯನ್ನು ಕಂಡಾಗಲಾದರೂ ನೆನೆಯೋಣ.